ಟೈಲರಜ್ಜಿಯ ಫೋಟೊ ಕೆಳಗೆ ಏನು ಬರೆದರು?

ನಮ್ಮ ಬೀದಿಯ ಟೈಲರಜ್ಜಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಪಕ್ಕದಲ್ಲೇ ಇಸ್ತ್ರಿ ಅಂಗಡಿ ಇಟ್ಟ ನನಗೂ ಅಷ್ಟೇ. ಕಾರಣವಿದೆ, ಕೇಳಿ.

ಕಳೆದ ಚಳಿಗಾಲದಲ್ಲಿ ಯಾವುದೋ ಸಂಸ್ಥೆಯವರು ಬಂದು ಅಜ್ಜಿಗೊಂದು ಕಂಬಳಿ ಕೊಟ್ಟರು. "ಕನ್ನಡಕ ತೆಗೀರಿ, ಕೈ ಸ್ವಲ್ಪ ಮುಂದೆ ಚಾಚಿ" ಅಂದರು. ಪಾಪ, ಅಜ್ಜಿ ಚಾಚಿದರು. ಸ್ವಲ್ಪ ದಿನಕ್ಕೇ ಬಸ್ ನಿಲ್ದಾಣದಲ್ಲಿ ಆಳೆತ್ತರದ ಪೋಸ್ಟರ್: "ಈ ತಾಯಿಗೆ ಯಾರೂ ಇಲ್ಲ." ಅಮ್ಮನಿಗೆ ಊಟದ ಡಬ್ಬಿ ತರುತ್ತಿದ್ದ ಮಗ ಅದರ ಕೆಳಗೇ ಬಸ್ಸಿಳಿದ!

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ಬೀದಿಯ ಹೆಂಗಸೊಬ್ಬಳು ಒಂದು ಚೀಲ ಬಟ್ಟೆ ತಂದಳು. ಅಜ್ಜಿ ಖುಷಿಯಿಂದ ಟೇಪು ಕೈಗೆತ್ತಿಕೊಂಡು, "ಎಲ್ಲಿ ಬಿಗಿ ಮಾಡ್ಬೇಕಮ್ಮ?" ಎಂದು ಕೇಳಿದರು.

"ಅಯ್ಯೋ, ಹೊಲಿಯೋಕಲ್ಲ. ನೀವೇ ಹಾಕ್ಕೊಳ್ಳಿ ಅಂತ ತಂದೆ."

ಆಮೇಲೆ ಗಿರಾಕಿಗಳು ಕಡಿಮೆಯಾದರು, ಕರುಣೆ ತೋರುವವರು ಹೆಚ್ಚಾದರು. ಅಜ್ಜಿ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿಯೇ ಕೂರತೊಡಗಿದರು.

ಹೀಗಿರುವಾಗ ಆರೋಗ್ಯ ಕೇಂದ್ರದ ನರ್ಸಮ್ಮ ಕ್ಯಾಮೆರಾದ ಹುಡುಗಿಯೊಬ್ಬಳನ್ನು ಕರೆತಂದರು. ಹಿರಿಯರ ಚಿತ್ರಗಳನ್ನು ಗ್ರಂಥಾಲಯದ ಗೋಡೆಗೆ ಹಾಕುತ್ತಾರಂತೆ. ನಾನು ಮೊದಲು ಅವಳ ಬ್ಯಾಗಿನೊಳಗೇ ಇಣುಕಿದೆ, ಕಂಬಳಿ ಇದೆಯೋ ಏನೋ ಎಂದು.

"ಹೋದ ಸಲ ಯಾರೂ ಇಲ್ಲ ಅಂದ್ರು. ಈ ಸಲ ನಾನೇ ಇಲ್ಲ ಅಂತ ಬರೀತೀಯಾ?" ಅಂದರು ಅಜ್ಜಿ.

ಊಟ ತಂದಿದ್ದ ಸೊಸೆ ನಡುವೆ ಬಾಯಿ ಹಾಕಿದಳು. "ಒಂದು ಫೋಟೊ ಇರ್ಲಿ ಅತ್ತೆ, ಮುಂದೆ ಬೇಕಾಗುತ್ತೆ..."

"ಯಾವುದಕ್ಕೆ ಬೇಕಾಗುತ್ತೆ ಅಂತ ಗೊತ್ತಾಯ್ತು ಬಿಡು!"

ಸೊಸೆ ನಾಲಿಗೆ ಕಚ್ಚಿಕೊಂಡಳು.

ಹುಡುಗಿ ಕ್ಯಾಮೆರಾ ಹೊರಗೆ ತೆಗೆಯಲೇ ಇಲ್ಲ. "ಹೇಗೆ ಕೂರೋದು ಅನ್ನೋದು ನಿಮ್ಮಿಷ್ಟ ಅಜ್ಜಿ. ತೆಗೆದಿದ್ದನ್ನ ಮೊದಲು ನಿಮಗೇ ತೋರಿಸ್ತೀನಿ. ಕೆಳಗೆ ಏನು ಬರೀಬೇಕು ಅಂತಾನೂ ನೀವೇ ಹೇಳಿ. ಬೇಡ ಅಂದ್ರೆ ಬೇಡ."

"ಬೇಡ," ಅಂದರು ಅಜ್ಜಿ, ಬೇಕೆಂದೇ.

"ಆಯ್ತಜ್ಜಿ, ಬರ್ತೀನಿ." ಹುಡುಗಿ ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಮುನಿಸಿಲ್ಲ, ಒತ್ತಾಯವಿಲ್ಲ. ನಾವು ಮುಖ ಮುಖ ನೋಡಿಕೊಂಡೆವು.

"ಏ, ನಿಲ್ಲು!" ಎಂದು ಅಜ್ಜಿ ಕೂಗಿದರು. "ಬ್ಯಾಗಿನ ಪಟ್ಟಿ ಕಿತ್ತು ಬರ್ತಿದೆ. ಅಷ್ಟು ದುಬಾರಿ ಸಾಮಾನು ಬಿದ್ದು ಚೂರಾದ್ರೆ ಏನು ಗತಿ? ಕ್ಯಾಮೆರಾ ನೀನಿಟ್ಕೊ, ಬ್ಯಾಗು ಕೊಡಿಲ್ಲಿ."

ಅಜ್ಜಿ ಕನ್ನಡಕ ಏರಿಸಿ ಮಿಷಿನ್ ತುಳಿಯತೊಡಗಿದರು. ಅರ್ಧ ಹೊಲಿಗೆಯಲ್ಲಿ ತಲೆಯೆತ್ತದೆ ಹೇಳಿದರು: "ತೆಗೆಯೋದಿದ್ರೆ ಈಗ ತೆಗಿ. ಕನ್ನಡಕ ಮಾತ್ರ ತೆಗೆಯಲ್ಲ."

ಮೊದಲ ಚಿತ್ರ ನೋಡಿ, "ಬಾಯಿ ಸೊಟ್ಟಗಿದೆ, ಅಳಿಸು" ಅಂದರು. ಹುಡುಗಿ ಅವರೆದುರೇ ಅಳಿಸಿದಳು. ಎರಡನೆಯದನ್ನು ಅಜ್ಜಿ ಬಹಳ ಹೊತ್ತು ನೋಡಿದರು. "ಸುಕ್ಕೆಲ್ಲ ಹಾಗೇ ಇರ್ಲಿ, ನನ್ನವೇ ತಾನೆ?"

ಅದೇ ವಾರ ನರ್ಸಮ್ಮ ಅಜ್ಜಿಯ ಮಗನ ಜೊತೆ ಕಂಬಳಿಯವರ ಕಚೇರಿಗೆ ಹೋಗಿ, ಒಪ್ಪಿಗೆ ಕೇಳದೆ ಹಾಕಿದ್ದ ಪೋಸ್ಟರನ್ನು ಇಳಿಸಿಯೇ ಬಂದರು. ಹಾಗೆ ಹೋಗಿ ಕೇಳಬಹುದು ಎಂದೇ ನಮಗೆ ತಿಳಿದಿರಲಿಲ್ಲ.

ಓದುತ್ತಿರುವವರೇ, ಹಿರಿಯರ ಮುಂದೆ ಫೋನ್ ಎತ್ತುವ ಮುನ್ನ ಅವರನ್ನೊಂದು ಮಾತು ಕೇಳಿ. ಚಿತ್ರ ಎಲ್ಲಿಗೆ ಹೋಗುತ್ತದೆಂದು ಹೇಳಿ, ತೆಗೆದದ್ದನ್ನು ತೋರಿಸಿ. ಬೇಡವೆಂದರೆ ಫೋನ್ ಜೇಬಿಗಿಡಿ. ಇದೆಲ್ಲ ಯಾಕೆ ಎನ್ನುವವರು ನಮ್ಮ ಗ್ರಂಥಾಲಯಕ್ಕೆ ಬಂದು, ಅಜ್ಜಿ ತಾವೇ ಹೇಳಿ ಬರೆಸಿದ ಸಾಲನ್ನು ಓದಿ: "ಟೈಲರ್. ಅಂಗಡಿ ತೆರೆದಿದೆ. ಬಟ್ಟೆ ತನ್ನಿ, ಹೊಲಿಯೋಕೆ."