ಯಶೋದಳಿಗೆ ಕೇಳಿದ ಅಳು

ಹೃದಯದ ಕೆಟ್ಟ ಕವಾಟ ತೆಗೆದು ಲೋಹದ್ದು ಕೂರಿಸಿದ ಮರುದಿನ ಯಶೋದ ಗಂಡನ ಕೈ ಹಿಡಿದು ನಕ್ಕಿದ್ದಳು. ಮೂರನೆಯ ದಿನ ಬೆಳಿಗ್ಗೆ ಅಂಜಿನಮೂರ್ತಿ ತುಮಕೂರಿನ ಆಸ್ಪತ್ರೆಯ ಐಸಿಯುವಿಗೆ ಹೋದರೆ, ಅವಳ ಎರಡೂ ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು.

"ಕತ್ತಿನ ಪೈಪು ಕಿತ್ಕೊಂಡ್ಬಿಟ್ರು," ಎಂದಳು ನರ್ಸ್ ಸ್ನೇಹಲತಾ. "ಹುಚ್ಚಲ್ಲ ಇದು, ಗಾಬರಿ ಆಗ್ಬೇಡಿ. ಈ ಆಪರೇಷನ್ ಆದ ಕೆಲವ್ರಿಗೆ ನಾಲ್ಕೈದು ದಿನ ಹೀಗೆ ಭ್ರಮೆ ಆಗತ್ತೆ. ಪಕ್ಕದಲ್ಲಿ ಕೂತು ನೀವ್ಯಾರು, ಇದ್ಯಾವ ಊರು ಅಂತ ನಿಧಾನಕ್ಕೆ ಹೇಳ್ತಿರಿ."

ಅವನು ಸ್ಟೂಲು ಎಳೆದುಕೊಂಡು ಕುಳಿತ. "ಯಶೋದಾ, ನಾನು ಕಣೇ."

ಅವಳ ಕಣ್ಣುಗಳು ಕೆಂಪಗಿದ್ದವು. "ಎವರಣ್ಣಾ ನುವ್ವು?"

ತವರಿನ ತೆಲುಗು. ಪಾವಗಡದ ಆಚೆಯಿಂದ ಮದಲೂರಿಗೆ ಸೊಸೆಯಾಗಿ ಬಂದ ಮೇಲೆ ಅವಳು ಗಂಡನೊಡನೆ ಆ ಮಾತಾಡಿದ್ದೇ ಕಡಿಮೆ. ಯಾರಣ್ಣ ನೀನು ಎಂದು ಗಂಡನನ್ನೇ ಕೇಳಿದ್ದಳು.

"ನಿನ್ ಗಂಡ ಕಣೇ."

"ಆಯಪ್ಪ ಬಸ್ ಮ್ಯಾಲೆ ಹೋಗವ್ನೆ. ಅಣ್ಣಾ, ನಿಂಗೆ ಪುಣ್ಯ ಬತ್ತದೆ, ಮಧುಗಿರಿಗೆ ಹೇಳಿ ಕಳ್ಸು. ಮೊಗ ಕೆಂಡ ಆಗೈತೆ. ಅಳೋದು ಕೇಳಿಸ್ತಿಲ್ವಾ?"

ಅವರ ಎಂಟು ತಿಂಗಳ ಹೆಣ್ಣುಮಗು ಹೋಗಿ ಮೂವತ್ತೊಂದು ವರ್ಷ. ಆಗ ಅವನು ಕೊರಟಗೆರೆ–ಪಾವಗಡ ಖಾಸಗಿ ಬಸ್ಸಿನ ಕಂಡಕ್ಟರ್. ಮಗುವಿಗೆ ಜೋರು ಜ್ವರ ಎಂಬ ಸುದ್ದಿ ಮಧುಗಿರಿಯಲ್ಲಿ ಅವನಿಗೆ ಸಿಕ್ಕಿತ್ತು. ಇನ್ನೊಂದು ಟ್ರಿಪ್ ಮುಗಿಸಿ ಹೋದರಾಯಿತು ಎಂದುಕೊಂಡ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸುದ್ದಿ ಮುಟ್ಟಿತ್ತೇ ಎಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

"ಮೊಗ ಇಲ್ಲ ಕಣೇ," ಎಂದ. "ಹೋಗಿ ಎಷ್ಟೋ ವರ್ಸ ಆಯ್ತು."

ಅವಳು ಆ ಕ್ಷಣವೇ ಮಗು ಸತ್ತಂತೆ ಕಿರುಚಿದಳು. ಮಂಚ ಅಲ್ಲಾಡಿತು, ತಲೆದೆಸೆಯ ಯಂತ್ರ ಬಡಿದುಕೊಂಡಿತು, ಹೊಲಿಗೆ ಹಾಕಿದ ಎದೆ ಏರಿಳಿಯಿತು. ಅರ್ಧ ಗಂಟೆಯಲ್ಲಿ ಎಲ್ಲ ಮರೆತು ಮತ್ತೆ ಅದೇ ಕೇಳಿದಳು. ಅವನು ಮತ್ತೆ ನಿಜ ಹೇಳಿದ. ಮತ್ತೆ ಅದೇ ಕೂಗು.

ಕಾರಿಡಾರಿಗೆ ಓಡಿಬಂದು ಗೋಡೆಗೆ ಹಣೆ ಚಚ್ಚಿಕೊಂಡ. ಆಪರೇಷನ್ ಬೇಡ, ಮಾತ್ರೆಯಲ್ಲೇ ಇದ್ದುಬಿಡುತ್ತೇನೆ ಎಂದು ಅವಳು ಗೋಗರೆದಿದ್ದಳು. ಒಪ್ಪಿಸಿದವನು ತಾನೇ.

"ಇನ್ನು ಅದನ್ನ ಹೇಳ್ಬೇಡಿ," ಎಂದಳು ಸ್ನೇಹಲತಾ. "ಹೊಲಿಗೆ ಬಿಟ್ಕೊಂಡ್ರೆ ಕಷ್ಟ."

ಮಧ್ಯಾಹ್ನ ಅವಳ ಗಂಟಲು ಪೂರಾ ಕಟ್ಟಿಹೋಗಿತ್ತು. "ಅಣ್ಣಾ, ಕಂಡಕ್ಟ್ರು ಬಂದ್ನಾ?"

ಅವನು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ. "ಬಂದ ಕಣಮ್ಮ. ಸುದ್ದಿ ಸಿಕ್ಕಿದ್ದೇ ಬಸ್ಸು ಬುಟ್ಟು ಓಡ್ಬಂದ. ಮೊಗೀನ ಎತ್ಕೊಂಡು ಆಸ್ಪತ್ರೆಗೆ ಹೋದ."

"ದಿಟವಾ?"

"ನಾನೇ ಕಣ್ಣಾರೆ ನೋಡ್ದೆ."

ಕಟ್ಟಿದ ಮುಷ್ಟಿ ಸಡಿಲವಾಯಿತು. ಹಿಂದಿನ ರಾತ್ರಿಯಿಂದ ಮೊದಲ ಬಾರಿಗೆ ಅವಳು ನಿದ್ದೆಹೋದಳು. ಅಂಜಿನಮೂರ್ತಿ ಟವೆಲನ್ನು ಬಾಯಿಗೆ ತುರುಕಿಕೊಂಡು ಅತ್ತ.

ಆರನೆಯ ದಿನ ಬೆಳಿಗ್ಗೆ ಅವಳು ಅವನ ಹೆಸರು ಹಿಡಿದು ಕರೆದಳು. ಅವನು ಗಂಜಿ ಕುಡಿಸುತ್ತಿದ್ದಾಗ ಹೇಳಿದಳು: "ಏನೇನೋ ಕಾಣ್ತಿತ್ತು. ಯಾರೋ ಪುಣ್ಯಾತ್ಮ ಪಕ್ಕದಾಗೆ ಕೂತಿದ್ದ. ನೀನು ಬಸ್ಸು ಬುಟ್ಟು ಬಂದೆ ಅಂದ." ಲೋಟವನ್ನು ಬಾಯಿಂದ ಸರಿಸಿ, "ಅವತ್ತು ನಿಂಗೆ ಸುದ್ದಿ ಮುಟ್ಟಿತ್ತಾ?"

ಇಲ್ಲ ಎನ್ನುವುದು ಸುಲಭವಿತ್ತು.

"ಮುಟ್ಟಿತ್ತು," ಎಂದ.

ಅವಳು ಗೋಡೆಯ ಕಡೆ ಹೊರಳಿದಳು. ಅವನು ಗಂಜಿ ಲೋಟ ಹಿಡಿದು ನಿಂತೇ ಇದ್ದ.

ಆಮೇಲೆ ಅವಳು ಅವನೊಡನೆ ಮಾತಾಡಲಿಲ್ಲ. ಡಿಸ್ಚಾರ್ಜ್ ದಿನ ಅವಳು ಹೇಳಿ ಕಳಿಸಿದಂತೆ ಅವಳ ಅಣ್ಣ ಚಿಕ್ಕನರಸಯ್ಯ ಕಾರು ತಂದ. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಅಂಜಿನಮೂರ್ತಿ ಅವನಿಗೆ ಎರಡೆರಡು ಸಲ ಒಪ್ಪಿಸಿದ. ಮದಲೂರಿಗೆ ಹೋಗಲು ಮಧುಗಿರಿಯಲ್ಲಿ ಅವನೊಬ್ಬನೇ ಇಳಿದ. ಕಾರು ಪಾವಗಡದ ಆಚೆ ಅವಳ ತವರಿಗೆ ಹೋಗಬೇಕಿತ್ತು.

ಯಶೋದ ಗಾಜು ಇಳಿಸಿದಳು. ಮುಖ ನೋಡಲಿಲ್ಲ.

"ಹದ್ನೈದು ದಿನಕ್ಕೆ ರಕ್ತ ಪರೀಕ್ಷೆ ಐತೆ."

"ಬತ್ತೀನಿ."

"ಹೊತ್ತಿಗೆ ಸರಿಯಾಗಿ ಬಾ," ಎಂದು ಅವಳು ಗಾಜು ಏರಿಸಿಕೊಂಡಳು.