ಹೆಸರಿಲ್ಲದ ಲಗ್ನಪತ್ರಿಕೆ

ಇದರಲ್ಲಿ ಒಂದು ಮಾತು ಸುಳ್ಳಾದರೂ ನಾನು ಮಾರುವ ಬ್ಲೇಡುಗಳು ಬೆಣ್ಣೆಯನ್ನೂ ಕೊಯ್ಯದಂತಾಗಲಿ. ಕಲ್ಲು ಕೊಯ್ಯುವ ಬ್ಲೇಡು ಮಾರುತ್ತ ವಾಡಿಯಿಂದ ಚಿಂಚೋಳಿಯವರೆಗೆ ತಿರುಗುವವನಿಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಆ ದಿನ ಶಹಾಬಾದಿನಿಂದ ಭಂಕೂರಿಗೆ ಹೋಗುವ ದಾರಿಯಲ್ಲಿರುವ ಶಾಂತಕುಮಾರನ ಕಲ್ಲಿನ ಕಾರ್ಖಾನೆಗೆ ಹೋಗಿದ್ದೆ. ಶೆಡ್ಡಿನೊಳಗೆ ಮಷಿನ್‌ಗಳು ಕಲ್ಲು ಕೊಯ್ಯುತ್ತಿದ್ದವು. ಮಾಲೀಕ ಮಾತ್ರ ಹೊರಗೆ ಒಡೆದ ಫರ್ಸಿ ಕಲ್ಲುಗಳ ರಾಶಿಯ ಮೇಲೆ ಕೂತಿದ್ದ. ಮೊಬೈಲಿನ ಸಿಮ್ಮು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ.

"ಯಾಕೋ, ಹಲ್ಲು ಕಿತ್ತಿಸ್ಕೊಂಡಾವ್ರಂಗ ಕುಂತೀದಿ?" ಎಂದೆ.

"ಚನ್ನು, ಯಾರ ಮುಂದೂ ಅನಬ್ಯಾಡ. ಮುಂಜಾನಿ ಫೋನಿಗಿ ಒಂದು ಲಗ್ನಪತ್ರಿಕಿ ಬಂದಿತ್ತು. ಒತ್ತಿದೆ."

ಪತ್ರಿಕೆ ಬಂದದ್ದು ಸೇಡಂನಲ್ಲಿರುವ ಅವನ ಬೀಗ ಆನಂದಕುಮಾರನ ನಂಬರಿನಿಂದ. ಮೇಲೆ ಗಣಪತಿಯ ಚಿತ್ರ, ಕೆಳಗೆ 'ತಪ್ಪದೆ ಬರಬೇಕು' ಎಂಬ ಒಂದು ಸಾಲು. ಗಂಡಿನ ಹೆಸರಿಲ್ಲ, ಹೆಣ್ಣಿನ ಹೆಸರಿಲ್ಲ. ಒತ್ತಿದಾಗ ಅದು ಏನೇನೋ ಅನುಮತಿ ಕೇಳಿತಂತೆ. ಇವನು ಎಲ್ಲಕ್ಕೂ ಹೂಂ ಎಂದು ಒತ್ತುತ್ತ ಹೋಗಿದ್ದಾನೆ.

"ಯಾರ ಲಗ್ನ ಅಂತ ಬೀಗಗ ಒಂದು ಮಾತು ಕೇಳಬಾರದಾ?"

"ಹ್ಯಾಂಗ ಕೇಳ್ಲಿ ಮಾರಾಯಾ? ಬೀಗರ ಮನ್ಯಾಗಿನ ಲಗ್ನ ನಮಗೇ ಗೊತ್ತಿಲ್ಲ ಅಂದ್ರ ಅವರು ಏನ್ ತಿಳ್ಕೋತಾರ?"

ಅದೂ ನಿಜವೇ. ನಮ್ಮ ಕಡೆ ಲಗ್ನಕ್ಕೆ ಹೋಗದಿದ್ದರೆ ಕ್ಷಮೆ ಉಂಟು, ಯಾರ ಲಗ್ನ ಎಂದು ಕೇಳಿದವನಿಗೆ ಇಲ್ಲ.

ಇವನು ಒತ್ತಿದ ಸ್ವಲ್ಪ ಹೊತ್ತಿಗೆ ಆನಂದಕುಮಾರ ಆಫೀಸಿನ ಫೋನಿಗೆ ಕರೆಮಾಡಿ, ಅದು ಮೋಸದ ಪತ್ರಿಕೆ, ತನ್ನ ಫೋನೂ ಕಳ್ಳರ ಕೈಗೆ ಹೋಗಿದೆ ಎಂದು ಹೇಳಿದ್ದ. ಶಾಂತಕುಮಾರ ಬ್ಯಾಂಕಿಗೆ ಓಡಿ ತನ್ನ ಖಾತೆಗಳನ್ನು ಬಂದ್ ಮಾಡಿಸಿ, ಸೈಬರ್ ಸಹಾಯವಾಣಿ 1930ಕ್ಕೆ ದೂರನ್ನೂ ಕೊಟ್ಟು ಬಂದಿದ್ದ. ಆದರೆ ಅಷ್ಟರಲ್ಲಿ ಅದೇ ಪತ್ರಿಕೆ ಅವನ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೂ ತಾನಾಗಿಯೇ ಹೋಗಿತ್ತು. ಅವನ ಕೂಲಿಕಾರರಿಗೂ ಹೋಗಿತ್ತು.

ಕೂಲಿಕಾರರ ಫೋನುಗಳು ಶೆಡ್ಡಿನ ಮೂಲೆಯ ತಗಡಿನ ಪೆಟ್ಟಿಗೆಯಲ್ಲಿದ್ದವು. ಕಲ್ಲು ಕೊಯ್ಯುವಾಗ ನೀರು, ರಾಡಿ ಸಿಡಿಯುತ್ತದೆಂದು ಮುಂಜಾನೆ ಎಲ್ಲರೂ ಅದರಲ್ಲಿಟ್ಟು ಕೆಲಸಕ್ಕೆ ಇಳಿಯುತ್ತಾರೆ. ಊಟಕ್ಕೆ ಮಷಿನ್ ನಿಂತಾಗಲೇ ಹೊರಗೆ ತೆಗೆಯುತ್ತಾರೆ. ಸಾವುಕಾರನ ನಂಬರಿನಿಂದ ಬಂದ ಲಗ್ನಪತ್ರಿಕೆಯನ್ನು ತೆರೆಯದೆ ಇರುವವರು ಯಾರು? ಅವರ ಪಗಾರವೆಲ್ಲ ಬೀಳುವುದು ಆ ಫೋನುಗಳಿಗೆ ಜೋಡಿಸಿದ ಖಾತೆಗಳಿಗೇ.

"ನಿಂದು ಬಂದ್ ಮಾಡ್ಸಿ ಬಂದಿ. ಒಳಗಿನವ್ರಿಗಿ ಹೇಳೀದೇನು?"

"ಊಟಕ್ಕ ಇನ್ನಾ ಹೊತ್ತದ."

"ಹೊತ್ತು ನೀ ಹೇಳೋತನಾ ಕಾಯ್ಕೋತ ಕುಂದರ್ತದೇನು?"

ಅವನು ದನಿ ತಗ್ಗಿಸಿದ. "ಒಳಗ ಗನಿಸಾಬ ಅದಾನ."

ಗನಿಸಾಬ ಆ ಕಾರ್ಖಾನೆಯ ಹಳೆಯ ಮಷಿನ್‌ಮನ್. ಹೋದ ತಿಂಗಳು ಅವನು ಯಾವುದೋ ಬಹುಮಾನದ ಲಿಂಕು ಒತ್ತಿದ್ದ. ಶಾಂತಕುಮಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಕೈಗಿ ಬಟ್ಟು ಅದಾವಂತ ಕಂಡದ್ದೆಲ್ಲಾ ಒತ್ತತಾರೇನು, ಗನಿಸಾಬ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಗನಿಸಾಬ ರಾಡಿ ಹತ್ತಿದ ತನ್ನ ಕಾಲುಗಳನ್ನು ನೋಡುತ್ತ ನಿಂತಿದ್ದ.

"ಈಗ ಅವನ ಮುಂದ ನಾ ಯಾವ ಮುಖ ಇಟ್ಕೊಂಡು ನಿಲ್ಲಲಿ, ಚನ್ನು?"

ಬುದ್ಧಿ ಹೇಳಿದರೆ ಅವನಿಗೆ ನಾಟುವುದಿಲ್ಲ. ಅದಕ್ಕೇ ಕೇಳಿದೆ: "ಕುರಕುಂಟಾದಾಗ ಬ್ಯಾಳಿ ಮಿಲ್ಲಿನ ವಿಠ್ಠಲ ಗೊತ್ತೇನು ನಿನಗ?"

"ಇಲ್ಲ."

"ಛಲೋ ಆತು. ಅವಗೂ ಇಂಥದೇ ಪತ್ರಿಕಿ ಬಂತು. ಅವನ ಫೋನಿಂದ ಸೇಡಂ ತುಂಬ, ಚಿತ್ತಾಪುರ ತುಂಬ ಹೋತು. ಐತವಾರ ಮಂದಿ ಹೊಸ ಅರಿವಿ ಹಾಕ್ಕೊಂಡು ಮಿಲ್ಲಿನ ಮುಂದ ಬಂದು ಇಳದ್ರು. ಅರ್ಧಾ ಮಂದಿ ಗಂಡಿನ ಕಡ್ಯಾವ್ರಂತ ಒಂದು ಸಾಲು ಕುಂತ್ರು, ಅರ್ಧಾ ಮಂದಿ ಹೆಣ್ಣಿನ ಕಡ್ಯಾವ್ರಂತ ಇನ್ನೊಂದು ಸಾಲು."

"ಲಗ್ನಾನೇ ಇಲ್ಲದ?"

"ಇಲ್ಲ ಅಂತ ಕೇಳಾವ್ರು ಯಾರು? ಅಡಗಿಯಾವಗೂ ಪತ್ರಿಕಿ ಹೋಗಿತ್ತು. ಅವ ಬೂಂದಿ ಕಟ್ಕೊಂಡೇ ಬಂದಿದ್ದ. ಸಾರಿಗಿ ಉಪ್ಪು ಕಮ್ಮಿ ಆಗ್ಯದಂತ ಗಂಡಿನ ಕಡ್ಯಾವ್ರು ಜಗಳಾನೂ ತಗದ್ರು."

"ಹೋಗಲೇ, ಸುಳ್ಳಾ!" ಶಾಂತಕುಮಾರ ನಕ್ಕುಬಿಟ್ಟ. ನಾನು ನಗಲಿಲ್ಲ.

"ಆ ಮಿಲ್ಲಿನಾಗ ಬ್ಯಾಳಿ ಹಸನ ಮಾಡ್ಲಿಕ್ಕ ಅಮೃತಮ್ಮ ಅಂತ ಒಬ್ಬಾಕಿ ಬರ್ತಿದ್ಳು. ಪತ್ರಿಕಿ ಬಂದ ದಿನಾನೇ ಇದು ಮೋಸ ಅಂತ ವಿಠ್ಠಲಗ ತಿಳದಿತ್ತು. ಆಕಿ ಎದುರಿಗೇ ಮೊರ ಹಿಡ್ಕೊಂಡು ಕುಂತಿದ್ಳು. ಒಂದು ಮಾತು ಹೇಳಿದ್ರ ಸಾಕಿತ್ತು. ಮಂದಿ ನಗ್ತಾರಂತ ಸುಮ್ಮನ ಉಳದ."

"ಆಮ್ಯಾಲ?"

"ಸಂಜಿಗಿ ಆಕಿ ಮನಿಗಿ ಹೋಗಿ ಒತ್ತಿದ್ಳು. ಮಗಳ ಬಾಣಂತನಕ್ಕಂತ ಕೂಡಿಸಿಟ್ಟಿದ್ದು ಎಲ್ಲಾ ಹೋತು."

ಶಾಂತಕುಮಾರ ಸಿಮ್ಮನ್ನು ಮುಷ್ಟಿಯಲ್ಲಿ ಬಿಗಿ ಹಿಡಿದ. "ಖರೇ ಅದಾಳೇನೋ ಆ ಅಮೃತಮ್ಮ?"

"ಅದಾಳ. ತೆಂಗಳಿ ಊರಾಕಿ."

ಶೆಡ್ಡಿನಲ್ಲಿ ಒಂದು ಮಷಿನ್ ನಿಂತಿತು. ಉಳಿದವು ಇನ್ನೂ ಓಡುತ್ತಿದ್ದವು.

"ಮರುದಿನ ಆಕಿ ವಿಠ್ಠಲನ ಮುಂದ ಬಂದು ನಿಂತ್ಳು," ಎಂದೆ. "ಬೈಲಿಲ್ಲ, ಅಳಲಿಲ್ಲ. 'ಸಾವ್ಕಾರ್ರಿ, ಇಷ್ಟು ವರ್ಷದಾಗ ನಿಮ್ಮ ಮನಿ ಲಗ್ನಕ್ಕ ನನಗ ಕರದದ್ದು ಇದೇ ಮದಲ ಸಲರಿ. ಅದರ ಖುಷಿಗೇ ಒತ್ತಿದೆರಿ' ಅಂದ್ಳು."

ಒಳಗೆ ಇನ್ನೊಂದು ಮಷಿನ್ ನಿಂತಿತು, ಅದರ ಹಿಂದೆಯೇ ಮತ್ತೊಂದು. ಕೈ ತೊಳೆಯುವ ನೀರಿನ ಸದ್ದು, ಬುತ್ತಿಯ ಡಬ್ಬಿಗಳ ಸದ್ದು ಕೇಳತೊಡಗಿತು. ಶಾಂತಕುಮಾರ ಎದ್ದು ನಿಂತ.

"ಕುಂದರೋ, ಖರೇ ಕಥಿ ಇಲ್ಲಿಂದಲೇ ಅದ," ಎಂದೆ. "ಆಗ ವಿಠ್ಠಲ ತಲಿ ಮ್ಯಾಲಿನ ಟೊಪಗಿ ತಗದು, ಅಷ್ಟೂ ಮಂದಿ ಎದುರಿಗಿ ಆಕಿ..."

ಅವನು ಆಗಲೇ ಫರ್ಸಿಗಳ ರಾಶಿ ಇಳಿದು ಶೆಡ್ಡಿನ ಬಾಗಿಲು ದಾಟಿದ್ದ.

"ಗನಿಸಾಬ, ಪೆಟ್ಟಿಗಿ ತೆಗೀಬ್ಯಾಡ್ರಿ! ಯಾರೂ ಫೋನ್ ಮುಟ್ಟಬ್ಯಾಡ್ರಿ! ನಾ ಒತ್ತಬಾರದ್ದು ಒತ್ತಿ ಕುಂತೀನಿ!"