ಜೋಡಿ ಸೈಕಲ್ಲಿನ ಹರಕೆ

ಫಕೀರವ್ವ ತಲೆಯ ಮೇಲೆ ಬುತ್ತಿಯಿಲ್ಲದೆ ಹೊಲಕ್ಕೆ ಬಂದದ್ದನ್ನು ಲಕ್ಕಪ್ಪ ಅಂದೇ ಮೊದಲು ಕಂಡದ್ದು. ಎಂಬತ್ತಾರನೆಯ ಇಸವಿಯ ಪುಷ್ಯ ಮಾಸ. ಯರಗುಪ್ಪಿಯ ಎರೆಹೊಲಗಳಲ್ಲಿ ಬಿಳಿಜೋಳ ಹಾಲುದೆನೆಗೆ ಬಂದಿತ್ತು. ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದವನು, ಸೆರಗನ್ನು ಬಾಯಿಗೆ ಒತ್ತಿಕೊಂಡು ಬದುವಿನ ಮೇಲೆ ಬರುತ್ತಿದ್ದ ಹೆಂಡತಿಯನ್ನು ನೋಡಿ ಕೆಳಗಿಳಿದ.

"ಯಾರು?" ಎಂದಷ್ಟೇ ಕೇಳಿದ.

"ಕುಂದಗೋಳದಿಂದ ಹೇಳಿ ಕಳಿಸ್ಯಾರ್ರಿ. ಜಹೀರಣ್ಣ ಮುಂಜಾನೆ ಅಂಗಡಿ ಕದಾ ತಗದು ಕುಂತಾಂವ ಕುಂತಲ್ಲೇ ವಾಲಿದನಂತ. ದವಾಖಾನಿಗೆ ಒಯ್ಯೂದ್ರಾಗ ಜೀವ ಹೋತಂತ."

ಲಕ್ಕಪ್ಪ ಕವಣೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಗಿಳಿಗಳ ಹಿಂಡೊಂದು ತೆನೆಯ ಮೇಲೆ ಇಳಿಯುತ್ತಿತ್ತು. ಫಕೀರವ್ವ ಕೂಗಿ ಎಬ್ಬಿಸಲು ಹೋದಾಗ ಅವನು ಅವಳ ಕೈ ಹಿಡಿದು, "ಇರಲಿ ಬಿಡು. ಇವತ್ತೊಂದಿನ ತಿಂತಾವು," ಎಂದ.

ಆ ದಿನ ಸಂಜೆ ಕುಂದಗೋಳದ ಖಬರಸ್ತಾನದಲ್ಲಿ ಲಕ್ಕಪ್ಪನೂ ಸಾಲಿನಲ್ಲಿ ನಿಂತು ಗೆಳೆಯನಿಗೆ ಮೂರು ಹಿಡಿ ಮಣ್ಣು ಕೊಟ್ಟ. ಅದೇ ಕಪ್ಪು ಮಣ್ಣು. ಆ ಮಣ್ಣಿನಿಂದಲೇ ಅವರಿಬ್ಬರ ಗೆಳೆತನ ಶುರುವಾಗಿತ್ತು.

ಜಹೀರುದ್ದೀನನದು ಬಾಡಿಗೆ ಸೈಕಲ್ಲಿನ ಅಂಗಡಿ. ಮೀಸೆ ಮೂಡುವ ವಯಸ್ಸಿನಲ್ಲಿ ಲಕ್ಕಪ್ಪ ಅಲ್ಲಿಂದ ಒಂದು ಸೈಕಲ್ ಒಯ್ದಿದ್ದ. ಹಾದಿಯಲ್ಲಿ ಮಳೆ ಹಿಡಿಯಿತು. ಎರೆಮಣ್ಣಿಗೆ ಮಳೆ ಬಿದ್ದರೆ ಅದು ಮಣ್ಣಲ್ಲ, ಅಂಟು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು ಗಚ್ಚಿನ ಹಾಗೆ ಕೂತುಬಿಡುತ್ತದೆ. ಲಕ್ಕಪ್ಪ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಮೊಣಕಾಲವರೆಗೆ ಕೆಸರಾಗಿ ಅಂಗಡಿಗೆ ಬಂದು ಬಾಡಿಗೆ ಕೊಡಹೋದ. ಜಹೀರುದ್ದೀನ ತೆಗೆದುಕೊಳ್ಳಲಿಲ್ಲ.

"ಹತ್ತಿದಾಂವ ಬಾಡಿಗಿ ಕೊಡಬೇಕಪಾ, ಅದು ಕಾಯ್ದೆ," ಎಂದ. "ಇವತ್ತ ನೀ ಸೈಕಲ್ ಹತ್ತಿಲ್ಲ, ಸೈಕಲ್ ನಿನ್ನ ಹತ್ತೇತಿ. ಅದರ ಕಡೆನ ಇಸಗೋ."

ಅಂದಿನಿಂದ ಇಬ್ಬರೂ ಜೋಡಿ. ಸುಗ್ಗಿ ಮುಗಿದು ಕೈ ಬಿಡುವಾದಾಗ ಸೈಕಲ್ ಹತ್ತಿ ಹೊರಟುಬಿಡುವರು. ಯಾವ ಹಾದಿಯಲ್ಲಿ ನೆರಳಿದೆ, ಯಾವ ಹಳ್ಳದ ದಾಟು ಗಟ್ಟಿ, ಯಾವ ಊರಿನ ನಾಯಿ ಕಾಲಿಗೆ ಬರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಒಮ್ಮೆ ಕಲಘಟಗಿಯ ಗುಡ್ಡ ನೋಡಲು ಹೋಗಿದ್ದರು. ಎರೆಸೀಮೆಯವರು ಕೆಸರು ಸಿಕ್ಕಿಕೊಳ್ಳುತ್ತದೆಂದು ಮಡ್‌ಗಾರ್ಡನ್ನೂ ಬ್ರೇಕನ್ನೂ ಬಿಚ್ಚಿಟ್ಟೇ ಓಡಾಡುವವರು. ಸಪಾಟು ನೆಲದಲ್ಲಿ ಬ್ರೇಕು ಏತಕ್ಕೆ? ಗುಡ್ಡ ಏರುವಾಗ ನೆನಪಾಗಲಿಲ್ಲ, ಇಳಿಯುವಾಗ ನೆನಪಾಯಿತು. ಇಬ್ಬರೂ ಚಪ್ಪಲಿಯನ್ನು ಗಾಲಿಗೆ ಒತ್ತಿ, ಒಬ್ಬ ಹನಮಪ್ಪನನ್ನೂ ಇನ್ನೊಬ್ಬ ಅಲ್ಲಾನನ್ನೂ ಕರೆಯುತ್ತ ಇಳಿದು, ಕೊನೆಗೊಂದು ಭತ್ತದ ಗದ್ದೆಯಲ್ಲಿ ನಿಂತರು. "ದೇವರು ಇಬ್ಬರದೂ ಕೇಳ್ಯಾನ ನೋಡು, ಒಂದ ಗದ್ದ್ಯಾಗ ಕೆಡವ್ಯಾನ," ಎಂದು ಜಹೀರುದ್ದೀನ ಕೆಸರು ಒರೆಸಿಕೊಂಡಿದ್ದ.

ಆಮೇಲೆ ಅವರು ಗುಡ್ಡದ ಕಡೆ ಹೋಗಲಿಲ್ಲ. ನಮ್ಮ ಸೀಮೆಗೆ ಗಾಳಿಯೇ ಗುಡ್ಡ. ಮರವಿಲ್ಲ, ಮರೆಯಿಲ್ಲ, ಎದುರು ಗಾಳಿ ಬಿಟ್ಟರೆ ಸಪಾಟು ರಸ್ತೆಯೂ ಏರಾಗುತ್ತದೆ. ಆಗ ಒಬ್ಬ ಮುಂದೆ ಹೋಗಿ ಗಾಳಿಯನ್ನು ಎದೆಗೆ ತೆಗೆದುಕೊಳ್ಳಬೇಕು, ಹಿಂದಿನವನಿಗೆ ಹಗುರ. ಊರಿಗೊಮ್ಮೆ ಸರದಿ ಬದಲಾಗಬೇಕು ಎಂದು ಇಬ್ಬರ ಕರಾರು. ಆದರೆ ಲಕ್ಕಪ್ಪನ ಸರದಿ ಬಂದಾಗಲೆಲ್ಲ ಜಹೀರುದ್ದೀನನಿಗೆ ಕಿವಿ ಕೇಳುತ್ತಿರಲಿಲ್ಲ. ಅಂಗಿಯಲ್ಲಿ ಗಾಳಿ ತುಂಬಿ ಜೋಳದ ಚೀಲದಂತೆ ಉಬ್ಬಿದ ಅವನ ಬೆನ್ನನ್ನು ನೋಡಿಕೊಂಡೇ ಲಕ್ಕಪ್ಪ ಅರ್ಧ ಜಿಲ್ಲೆ ತಿರುಗಿದ್ದ.

ಹೋದ ಮಳೆಗಾಲದಲ್ಲಿ ಲಕ್ಕಪ್ಪನಿಗೆ ವಿಷಮ ಜ್ವರ ಬಂತು. ಫಕೀರವ್ವ ದೇವರ ಮುಂದಿನ ದೀಪ ಆರದಂತೆ ನೋಡಿಕೊಳ್ಳುತ್ತಿದ್ದಳು. ಜಹೀರುದ್ದೀನ ಬಂದು ಹಾಸಿಗೆಯ ಬಾಜೂ ಕೂತು, ಎಲ್ಲರೂ ಕೇಳುವಂತೆ ನವಲಗುಂದದ ಹತ್ತಿರದ ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತ. "ಯಮನೂರಪ್ಪಾ, ಇಂವ ಎದ್ದು ಕುಂಡ್ರಲಿ. ಇಬ್ಬರೂ ಜೋಡೀಲೆ ಸೈಕಲ್ ಮ್ಯಾಲ ನಿನ್ನ ದರ್ಗಾಕ್ಕ ಬಂದು ಸಕ್ಕರಿ ಓದಸ್ತೀವಿ."

ಲಕ್ಕಪ್ಪ ಎದ್ದು ಕೂತ. ಆದರೆ ಕಾಲಿನ ಕಸುವು ಬೇಗ ಮರಳಲಿಲ್ಲ. ಮೊದಲು ಬಿತ್ತನೆ ಅಡ್ಡ ಬಂತು, ಆಮೇಲೆ ಎದುರು ಗಾಳಿ. "ಗಾಳಿ ತಿರಗಲಿ, ಹೋಗೂಣು," ಎಂದು ಒಮ್ಮೆ ಇವನು ಅನ್ನುವನು, ಒಮ್ಮೆ ಅವನು. ಗಾಳಿ ತಿರುಗುವುದರೊಳಗೆ ಜಹೀರುದ್ದೀನ ಹೋಗಿಬಿಟ್ಟ.

ತೀರಿದ ನಲವತ್ತನೆಯ ದಿನದ ಓದಿಕೆ ಹತ್ತಿರ ಬಂದಾಗ ಜಹೀರುದ್ದೀನನ ಹೆಂಡತಿ ಶಮೀಮಾಬಿ ಲಕ್ಕಪ್ಪನಿಗೆ ಹೇಳಿಕಳಿಸಿದಳು. ಗಂಡ ತೀರಿದವಳು ಇದ್ದತ್ತಿನ ಅವಧಿ ಮುಗಿಯುವವರೆಗೆ ಹೊಸಿಲು ದಾಟುವಂತಿಲ್ಲ. ಅವಳು ಪರದೆಯ ಹಿಂದೆ ಕೂತಳು, ಇವನು ಪಡಸಾಲೆಯ ಕಂಬಕ್ಕೆ ಒರಗಿ ಕೂತ.

"ಅಣ್ಣಾರ, ಕಣ್ಣು ಮುಚ್ಚಿದರ ಸಾಕು, ಅವರು ಸೈಕಲ್ ಹಿಡಕೊಂಡು ಬಾಗಲದಾಗ ನಿಂತಂಗ ಕಾಣತೈತ್ರಿ. ಒಳಗ ಬರವಲ್ರು, ಹೊರಗ ಹೋಗವಲ್ರು. ಯಮನೂರಪ್ಪನ ಹರಕಿ ಹಂಗ ಉಳದೈತಲ್ರಿ."

ಲಕ್ಕಪ್ಪ ತಲೆ ತಗ್ಗಿಸಿದ. ತೀರದ ಹರಕೆ ಹೊತ್ತು ಹೋದವನ ಜೀವ ಹಾದಿಯಲ್ಲೇ ನಿಲ್ಲುತ್ತದೆ ಎಂದು ಅವನ ತಾಯಿ ಹೇಳುತ್ತಿದ್ದಳು. ಆ ಮಾತು ಅವನನ್ನೂ ಎಷ್ಟೋ ದಿನದಿಂದ ಕೊರೆಯುತ್ತಿತ್ತು.

"ನಾ ಹೋಗತೇನಿ, ತಂಗಿ. ಆದರ ಅಂವ ಇಬ್ಬರೂ ಅಂದಿದ್ದ. ಒಬ್ಬ ಹೋದರ ಮುಟ್ಟತೈತೇನು?"

ಪರದೆಯ ಹಿಂದಿನಿಂದ ಶಮೀಮಾಬಿ, "ಅವರ ಸೈಕಲ್ ಐತಲ್ರಿ," ಎಂದಳು. "ಅವರು ಹುಬ್ಬಳ್ಳಿಂದ ಒಂದರ ಮ್ಯಾಲ ಕುಂತು ಇನ್ನೊಂದು ಕೈಲೆ ಹಿಡಕೊಂಡು ತರತಿದ್ರು. ನೀವೂ ಹಂಗ ಒಯ್ಯಾಕ ಆಕ್ಕೈತೇನ್ರಿ?"

ಸೈಕಲ್ ಅಂಗಡಿಯವರಿಗೆ ಅದು ದಿನದ ಕೆಲಸ. ಲಕ್ಕಪ್ಪ ಎಂದೂ ಮಾಡಿದವನಲ್ಲ. ಅವಳು ಕೊಟ್ಟ ಸಕ್ಕರೆಯ ಗಂಟನ್ನು ಗೆಳೆಯನ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ತನ್ನದನ್ನು ಹತ್ತಿ, ಎಡಗೈಯಿಂದ ಅದರ ಹ್ಯಾಂಡಲ್ಲಿನ ತುದಿ ಹಿಡಿದು ಹೊರಟ. ಓಣಿ ದಾಟುವ ಮೊದಲೇ ಅದು ಅವನ ಕಡೆ ಗಕ್ಕನೆ ತಿರುಗಿತು. ಎರಡು ಸೈಕಲ್ಲಿನ ನಡುವೆ ಲಕ್ಕಪ್ಪ ಬಿದ್ದ. ಬಿದ್ದಲ್ಲಿಯೇ ಅವನಿಗೆ ಒಂದು ಹಳೆಯ ಮಾತು ನೆನಪಾಯಿತು. ಹಾಗೆ ಎರಡು ಸೈಕಲ್ ತರುವುದನ್ನು ಕಂಡು ತಾನು ಚೇಷ್ಟೆ ಮಾಡಿದಾಗ ಜಹೀರುದ್ದೀನ ಅಂದಿದ್ದ: "ತುದಿ ಹಿಡಿಬಾರದಲೇ, ಜಗಳಕ್ಕ ಬರತೈತಿ. ನಟ್ಟನಡುವ ಹಿಡಿಬೇಕು. ಹೆಂಡ್ತಿ ಕೈ ಹಿಡದಂಗ, ಬಿಗಿನೂ ಅಲ್ಲ, ಸಡಲನೂ ಅಲ್ಲ." ಎದ್ದು ಧೂಳು ಝಾಡಿಸಿಕೊಂಡು ನಡುವೆ ಹಿಡಿದ. ಸೈಕಲ್ಲು ಸುಮ್ಮನೆ ಜೊತೆಗೆ ಬಂತು.

ಮರುದಿನ ಬೆಳಗಿನ ಜಾವ ಫಕೀರವ್ವ ರೊಟ್ಟಿ ಕಟ್ಟಿಕೊಟ್ಟಳು. "ಬಸ್ಸಿನ ಟಾಪಿನ ಮ್ಯಾಲ ಎರಡೂ ಹಾಕ್ಕೊಂಡು ಹೋಗಬಾರದೇನ್ರಿ? ಜ್ವರ ಬಂದು ಹೋದ ಕಾಲು."

"ಬಸ್ಸಿನಾಗ ಹೋದರ ಪುಣ್ಯ ಡ್ರೈವರಂದು," ಎಂದ ಲಕ್ಕಪ್ಪ.

ಅವಳು ನಗಲಿಲ್ಲ. ಬಾಗಿ, ಖಾಲಿ ಸೈಕಲ್ಲಿನ ಹ್ಯಾಂಡಲ್ಲಿಗೆ ಕುಂಕುಮವಿಡಲು ಹೋಗಿ ತಡೆದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅದರ ಸೀಟನ್ನು ಅಂಗೈಯಿಂದ ಒಮ್ಮೆ ಸವರಿ ಒಳಗೆ ಹೋದಳು.

ಅಣ್ಣಿಗೇರಿಯವರೆಗೆ ಮೂಡಣ ಗಾಳಿ ಎದುರಿಗೇ ಬಡಿಯಿತು. ಹಾದಿಯ ಎರಡೂ ಬದಿಗೆ ಕಡಲೆ, ಕುಸುಬೆ, ಜೋಳ. ಮುಂದೆ ಉಬ್ಬಿದ ಅಂಗಿ ಇರಲಿಲ್ಲ. ಇಷ್ಟು ವರ್ಷ ಆ ಬೆನ್ನು ಎಷ್ಟು ಗಾಳಿಯನ್ನು ತಡೆದಿತ್ತೆಂಬುದು ಲಕ್ಕಪ್ಪನ ಎದೆಗೆ ಅಂದು ಗೊತ್ತಾಯಿತು. ಊರಿಗೊಮ್ಮೆ ಇಳಿದು ಕೂತು, ಉಸಿರು ಹಿಡಿದು, ಮತ್ತೆ ಹತ್ತಿದ.

ಅಣ್ಣಿಗೇರಿಯ ಹೊರಗೆ ಹನಮಂತಪ್ಪನ ಚಹಾದ ಅಂಗಡಿ. ಗೆಳೆಯರಿಬ್ಬರೂ ತಪ್ಪದೆ ನಿಲ್ಲುವ ಜಾಗ. ಲಕ್ಕಪ್ಪ ಎರಡೂ ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ ಬಂದು ಬಾಕಿನ ಮೇಲೆ ಕೂತ. ಹನಮಂತಪ್ಪ ಸೈಕಲ್ಲುಗಳ ಕಡೆ ಕಣ್ಣು ಹಾಯಿಸಿ, ಕೇಳದೆಯೇ ಎರಡು ಕಪ್ ಚಹಾ ತಂದಿಟ್ಟ.

"ಎಲ್ಲಿ ನಮ್ಮ ಸಾಬ್ರು? ಬೇಲಿ ಕಡೆ ಹೋಗ್ಯಾರೇನು? ಈ ಸಲ ಭಾಳ ದಿನಾ ಮಾಡಿದ್ರಿ ನೋಡ್ರಿ. ಮುಪ್ಪಾದ್ರಿ, ಇನ್ನ ಲೂನಾ ತಗೋರಿ ಅಂತ ಹೇಳಾಂವ ಇದ್ದೆ."

ಲಕ್ಕಪ್ಪ ಹೇಳಿದ. ಹನಮಂತಪ್ಪನ ಕೈಯಲ್ಲಿದ್ದ ಅರಿವೆ ಹಾಗೆಯೇ ನಿಂತಿತು. ಆವಿ ಆಡುತ್ತಿದ್ದ ಎರಡನೆಯ ಕಪ್ಪನ್ನು ಇಬ್ಬರೂ ನೋಡಿದರು. ಅದನ್ನು ಚೆಲ್ಲಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕೊನೆಗೆ ಹನಮಂತಪ್ಪ ಬಾಕಿನ ಮೇಲೆ ಬಂದು ಕೂತು, "ಅವರ ಪಾಲಿಂದು ನಾ ಕುಡೀತೇನ್ರಿ," ಎಂದು ಬಾಯಿಗೆ ಹಚ್ಚಿದ. ಎದ್ದು ಹೊರಟಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಲ್ಲಿಂದ ನವಲಗುಂದದ ಹಾದಿ ಬಡಗಣಕ್ಕೆ. ಈಗ ಗಾಳಿ ಬಲಗಡೆಯಿಂದ ಅಡ್ಡಕ್ಕೆ ಹೊಡೆಯತೊಡಗಿತು. ಎಡಗೈಯಲ್ಲಿದ್ದ ಖಾಲಿ ಸೈಕಲ್ಲನ್ನು ಅದು ಲಕ್ಕಪ್ಪನಿಂದ ಕಿತ್ತುಕೊಳ್ಳಲು ನೋಡುತ್ತಿತ್ತು. ಸಾವರಿಸಿದಷ್ಟೂ ಅದು ಹೊಲದ ಕಡೆ ಎಳೆಯಿತು. ಕೈ ಜೋಮು ಹಿಡಿಯಿತು, ಮೀನಖಂಡ ನಡುಗಿತು. ಒಂದು ಕಡೆ ಎರಡೂ ಸೈಕಲ್ ಸಮೇತ ರಸ್ತೆಯ ಬದಿಗೆ ಕುಸಿದು ಕೂತ.

ಹತ್ತಿ ಹೇರಿದ ಟ್ರ್ಯಾಕ್ಟರೊಂದು ನಿಂತಿತು. "ಏನ್ ಕಾಕಾ, ಒಬ್ಬರಿಗೆ ಎರಡು ಕುದರಿ? ಮಾರಾಕ ಹೊಂಟೀರೇನು? ಮ್ಯಾಲ ಒಗೀರಿ, ನವಲಗುಂದ್ಯಾಗ ಇಳಸ್ತೇನಿ," ಎಂದ ಡ್ರೈವರ.

ಲಕ್ಕಪ್ಪನಿಗೆ ಆಸೆಯಾಯಿತು. ಕಾಲು ಹೂಂ ಅನ್ನುತ್ತಿತ್ತು. ದೂರದಲ್ಲಿ ನವಲಗುಂದದ ಗುಡ್ಡ ಬಿಸಿಲಿನಲ್ಲಿ ಅಲುಗುತ್ತಿತ್ತು, ಎಷ್ಟು ತುಳಿದರೂ ಹತ್ತಿರ ಬಾರದ ಗುಡ್ಡ. ಆದರೆ ಬಾಗಿಲಲ್ಲಿ ಸೈಕಲ್ ಹಿಡಿದು ನಿಂತವನು ಕಣ್ಣಿಗೆ ಬಂದ.

"ಬ್ಯಾಡಪಾ, ತಮ್ಮಾ. ದೇವರು ಒಳ್ಳೇದು ಮಾಡಲಿ. ಇದು ನನ್ನ ಗೆಳ್ಯಾಂದು, ಅವನ ಹರಕಿ ಐತಿ. ಇದರ ಗಾಲಿ ನೆಲದ ಮ್ಯಾಲ ಉರುಳಿಕೋತ ಹೋಗಬೇಕು."

ಡ್ರೈವರ ಮುಂದೆ ಚೇಷ್ಟೆ ಮಾಡಲಿಲ್ಲ. ಹಣೆ ಮುಟ್ಟಿಕೊಂಡು ಟ್ರ್ಯಾಕ್ಟರ್ ಬಿಟ್ಟ.

ಕೂತಲ್ಲಿಯೇ ಲಕ್ಕಪ್ಪ ಗಾಳಿಯನ್ನು ನೋಡಿದ. ಕುಸುಬೆಯ ಗಿಡಗಳೆಲ್ಲ ಒಂದೇ ಕಡೆ ಬಾಗಿದ್ದವು. ಎದ್ದು, ಗೆಳೆಯನ ಸೈಕಲ್ಲನ್ನು ಬಲಕ್ಕೆ ತಂದುಕೊಂಡ, ಗಾಳಿ ಬರುವ ಕಡೆಗೆ. ತನ್ನದನ್ನು ಎಡಗೈಯಿಂದ ನಡೆಸಿದ. ಮೊದಲು ಎರಡು ಸಲ ಓಲಾಡಿದ. ಆಮೇಲೆ ಗಾಳಿ ಆ ಸೈಕಲ್ಲನ್ನು ಮೆಲ್ಲಗೆ ಒತ್ತಿ ಅವನ ತೋಳಿಗೆ ಒರಗಿಸಿತು. ಈಗ ಅದು ದೂರ ಎಳೆಯಲಿಲ್ಲ. ಸಂತೆಯಿಂದ ಮರಳುವಾಗ ಮಾತಾಡುತ್ತ ಹೆಗಲಿಗೆ ಹೆಗಲು ತಾಗಿಸುವ ಗೆಳೆಯನ ಹಾಗೆ ಮೈಗೆ ಮೈ ಹಚ್ಚಿ ಉರುಳಿತು.

"ಇಲ್ಲೂ ಗಾಳಿ ಕಡೆಗ ನೀನ ಬಂದೇನಲೇ?" ಎಂದ ಲಕ್ಕಪ್ಪ. ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಎರಡೂ ಕೈಗೆ ಬಿಡುವಿರಲಿಲ್ಲ. ಗಾಳಿಯೇ ಆರಿಸಿತು.

ಯಮನೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಬೆಣ್ಣೆಹಳ್ಳದಲ್ಲಿ ಕೈಕಾಲು ತೊಳೆದು, ಎರಡೂ ಸೈಕಲ್ಲನ್ನು ದರ್ಗಾದ ಮುಂದೆ ನಿಲ್ಲಿಸಿ, ಸಕ್ಕರೆಯ ಗಂಟು ಬಿಚ್ಚಿ ಒಳಗೆ ಒಯ್ದ. ಮುದಿ ಮುಜಾವರ ಸಕ್ಕರೆಯ ಮೇಲೆ ಕೈ ಹಿಡಿದು, "ಯಾರ ಹೆಸರಲೆ ಓದ್ಲಿ?" ಎಂದು ಕೇಳಿದ.

"ಹರಕಿ ಹೊತ್ತಾಂವ ಜಹೀರುದ್ದೀನರಿ. ಹೊತ್ತದ್ದು ನನ್ನ ಸಲುವಾಗಿ. ನಾ ಉಳದೆ, ಅಂವ ಹ್ವಾದ. ಇಬ್ಬರೂ ಸೈಕಲ್ ಮ್ಯಾಲ ಬರತೀವಿ ಅಂದಿದ್ದ. ಅವನ ಸೈಕಲ್ ತಂದೇನ್ರಿ. ನಡೀತೈತೋ ಇಲ್ಲೋ, ನೀವ ಹೇಳ್ರಿ."

ಮುಜಾವರ ಹೊರಗೆ ನೋಡಿದ. ಧೂಳು ಹತ್ತಿದ ಎರಡು ಸೈಕಲ್ಲು ಒಂದಕ್ಕೊಂದು ಒರಗಿ ನಿಂತಿದ್ದವು. ಕಣ್ಣು ಮುಚ್ಚಿ ಓದಿದ. ಓದಿ ಮುಗಿಸಿ ಸಕ್ಕರೆಯನ್ನು ಲಕ್ಕಪ್ಪನ ಕೈಗಿತ್ತು, "ಮೊದಲ ಅವರಿಗೆ ಕೊಡು. ಆಮ್ಯಾಲ ನೀ ತಿನ್ನು," ಎಂದ.

ಲಕ್ಕಪ್ಪ ಹೊರಗೆ ಬಂದು ಗೆಳೆಯನ ಸೈಕಲ್ಲಿನ ಸೀಟಿನ ಮೇಲೆ ಒಂದು ಚಿಟಿಕೆ ಸಕ್ಕರೆ ಇಟ್ಟ. ಇರುವೆ ಹತ್ತಾವಲೇ ಹುಚ್ಚಾ, ಎಂದು ಅವನಿದ್ದಿದ್ದರೆ ಅಂದೇ ಅನ್ನುತ್ತಿದ್ದ ಎನಿಸಿ ನಗೆ ಬಂತು. ಇನ್ನೊಂದು ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ದರ್ಗಾದ ಕಡೆ ತಿರುಗಿ, ಒಂದು ಕೈ ಸೈಕಲ್ಲಿನ ಹ್ಯಾಂಡಲ್ಲಿನ ನಡುವೆ ಇಟ್ಟು, ಇನ್ನೊಂದನ್ನು ಎದೆಗೆ ಹಚ್ಚಿ ಬೇಡಿಕೊಂಡ.

"ಯಮನೂರಪ್ಪಾ, ಅವನ ಮಾತು ನಿನಗ ಮುಟ್ಟೇತಿ. ಇನ್ನ ಅವನ್ನ ಬಾಗಲದಾಗ ನಿಲ್ಲಸಬ್ಯಾಡ, ನನ್ನಪ್ಪಾ. ಒಳಗ ಕರಕೋ. ಜನ್ಮೆಲ್ಲ ಮಂದೀ ಗಾಳಿ ತನ್ನ ಎದಿಗೆ ತಗೊಂಡಾನ, ದಣದಾನ. ಅವಗ ನೆರಳು ಕೊಡು, ತಂಪು ಕೊಡು. ಅವನ ಜೀವಕ್ಕ ಶಾಂತಿ ಕೊಡು."